ಕಿವಿಯಲ್ಲಿ ಕರೆದ ಹೆಸರು

ಹೋದ ವರ್ಷದ ಮಾತು. ಹೊಗೆಸೊಪ್ಪನ್ನು ಕಡ್ಡಿಗೆ ಕಟ್ಟಿ ಬಿಸಿಗೂಡಿನಲ್ಲಿ ಬೇಯಿಸುವ ಕೆಲಸವೆಲ್ಲ ಮುಗಿದು ಪಿರಿಯಾಪಟ್ಟಣದ ಕಡೆಯ ಹೆಂಗಸರಿಗೆ ಉಸಿರಾಡಲು ಸ್ವಲ್ಪ ಪುರುಸೊತ್ತು ಸಿಗುವ ದಿನಗಳು. ನನ್ನ ತಮ್ಮನ ಮೂರನೇ ಮಗುವಿಗೆ ಹೆಸರಿಡುವ ಶಾಸ್ತ್ರವನ್ನು ಅಂಥದೊಂದು ಭಾನುವಾರಕ್ಕೆ ಗೊತ್ತು ಮಾಡಿದ್ದರು. ಮೂರನೆಯದೂ ಹೆಣ್ಣು. ನಾನು ಸೋದರತ್ತೆ, ಮಗುವಿನ ಕಿವಿಯಲ್ಲಿ ಹೆಸರು ಕರೆಯಬೇಕಾದವಳು. ಆ ದಿನ ನಾನು ಮಾಡಿದ್ದು ಸರಿಯೋ ತಪ್ಪೋ ಎಂದು ನಮ್ಮ ನೆಂಟರಲ್ಲಿ ಇನ್ನೂ ಮಾತಾಗುತ್ತಲೇ ಇದೆ. ಆಗಲಿ ಬಿಡಿ.

ನನ್ನ ಹೆಸರನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಸಾಕಮ್ಮ. ನಮ್ಮಪ್ಪ ಅವ್ವನಿಗೆ ನಾನು ಐದನೇ ಹೆಣ್ಣು. ಹೆಣ್ಣುಮಕ್ಕಳು ಸಾಕು, ಮುಂದಿನದಾದರೂ ಗಂಡಾಗಲಿ ಎಂದು ದೇವರಿಗೆ ತಿಳಿಸಲು ಕೊನೆಯ ಹೆಣ್ಣಿಗೆ ಈ ಹೆಸರಿಡುವುದು ನಮ್ಮ ಕಡೆ ಹಿಂದಿನಿಂದ ಬಂದದ್ದು. ಹುಡುಕಿದರೆ ಊರಿಗೊಬ್ಬಳು ಸಾಕಮ್ಮ ಸಿಗುತ್ತಾಳೆ. ನನ್ನ ವಿಷಯದಲ್ಲಿ ದೇವರು ಕೇಳಿಸಿಕೊಂಡ ಎಂದೇ ಹೇಳಬೇಕು, ನಾಲ್ಕು ವರ್ಷಕ್ಕೆ ತಮ್ಮ ಹುಟ್ಟಿದ. 'ತಮ್ಮನ್ನ ಕರ್ಕೊಂಡ್ ಬಂದೋಳು' ಎಂದು ನನ್ನನ್ನು ಎಲ್ಲರೂ ಹೊಗಳುತ್ತಿದ್ದರು. ಚಿಕ್ಕವಳಿದ್ದಾಗ ನನಗೂ ಅದು ಹೆಮ್ಮೆಯೇ ಆಗಿತ್ತು.

ಸ್ಕೂಲಿಗೆ ಹೋದ ಮೇಲೆ ಆ ಹೆಮ್ಮೆ ಇಳಿಯಿತು. ನಾಲ್ಕನೇ ಕ್ಲಾಸಿನಲ್ಲಿ ಹೊಸದಾಗಿ ಬಂದ ಮೇಷ್ಟ್ರು ಹಾಜರಿ ಕೂಗುವಾಗ ನನ್ನ ಹೆಸರಿಗೆ ನಿಲ್ಲಿಸಿ, "ಏನಮ್ಮಾ, ನಿಮ್ಮಪ್ಪನಿಗೆ ಅಷ್ಟೊಂದು ಬೇಜಾರಾಗಿತ್ತಾ?" ಅಂದರು. ಕ್ಲಾಸಿಗೆ ಕ್ಲಾಸೇ ನಕ್ಕಿತು. ಮೇಷ್ಟ್ರು ಕೆಟ್ಟವರಲ್ಲ, ತಮಾಷೆಗೆ ಅಂದಿದ್ದರು. ಸಂಜೆ ಮನೆಗೆ ಬಂದು ಹೆಸರು ಬದಲಾಯಿಸು ಎಂದು ಅಪ್ಪನ ಹತ್ತಿರ ಅತ್ತೆ. "ಚೆಂದಾಗದಲ್ಲವ್ವ, ಬುಡು" ಎಂದು ಅಪ್ಪ ತಲೆ ಸವರಿ ಎದ್ದು ಹೋದರು. ಮದುವೆಯಲ್ಲಿ ಗಂಡಿನ ಕಡೆಯವರು ನನ್ನನ್ನು ಕೇಳದೆಯೇ ಲಗ್ನಪತ್ರಿಕೆಯಲ್ಲಿ ಸೌಮ್ಯ ಎಂದು ಹಾಕಿಸಿದರು. ಆ ಸೌಮ್ಯ ಯಾರೋ ನನಗೆ ಇವತ್ತಿಗೂ ಗೊತ್ತಿಲ್ಲ. ನನ್ನ ಗಂಡ ಒಳ್ಳೆಯ ಮನುಷ್ಯ, ಎರಡೂ ಬೇಡವೆಂದು 'ಇವಳೇ' ಎಂದು ಕರೆದುಕೊಂಡೇ ಇಪ್ಪತ್ತು ವರ್ಷ ತಳ್ಳಿದ್ದಾರೆ.

ಬಿಳಿಕೆರೆ ಹತ್ತಿರದ ಒಂದು ಹಳ್ಳಿಯಲ್ಲಿ ನಾನು ಅಂಗನವಾಡಿ ಟೀಚರ್. ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ಹೆಸರು ಕೂಗುವುದು ನನ್ನ ಕೆಲಸ. ಕೂಗಿ ಕೂಗಿ ನನಗೊಂದು ಬುದ್ಧಿ ಬಂದಿದೆ. ಹೆಸರಿಡುವಾಗ ಎಲ್ಲರೂ ತೊಟ್ಟಿಲಲ್ಲಿರುವ ಕೂಸನ್ನಷ್ಟೇ ನೋಡುತ್ತಾರೆ, ಅದು ಬೆಳೆಯುತ್ತದೆ ಎಂಬುದನ್ನೇ ಮರೆಯುತ್ತಾರೆ. ನಮ್ಮ ಅಂಗನವಾಡಿಗೆ ಮೊಮ್ಮಗನನ್ನು ಕೈ ಹಿಡಿದು ಕರೆತರುವ ಒಬ್ಬ ಅಜ್ಜಿಯ ಹೆಸರು ಬೇಬಿ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಚಿನ್ನು ಎಂದು ರಿಜಿಸ್ಟರಿನಲ್ಲಿ ಬರೆದುಕೊಂಡಿದ್ದ ಹುಡುಗ ಈಗ ಗಿರಿಜಾ ಮೀಸೆ ಬಿಟ್ಟು ಟ್ರ್ಯಾಕ್ಟರ್ ಓಡಿಸುತ್ತಾನೆ. ಬ್ಯಾಂಕಿನಲ್ಲಿ ಹೆಸರು ಕೇಳಿದರೆ ಪಾಪ, ಅತ್ತಿತ್ತ ನೋಡಿ ಮೆಲ್ಲಗೆ ಹೇಳುತ್ತಾನೆ.

ಅದಕ್ಕೇ ಯಾರಾದರೂ ಹೆಸರು ಹೇಗಿದೆ ಎಂದು ಕೇಳಿದರೆ ನಾನು ನಮ್ಮನೆ ಜಗಲಿಯ ಮೇಲೆ ನಿಂತು ಅದನ್ನು ನಾಲ್ಕು ಸಲ ಕೂಗಿ ನೋಡುತ್ತೇನೆ. ಮೊದಲು ಮಗುವನ್ನು ಊಟಕ್ಕೆ ಕರೆಯುವ ಹಾಗೆ. ಆಮೇಲೆ ಅಕ್ಕ ಎಂದು ಸೇರಿಸಿ. ಆಮೇಲೆ ಆಸ್ಪತ್ರೆಯಲ್ಲಿ ಚೀಟಿ ಹಿಡಿದವರು ಜನರ ಮಧ್ಯೆ ಕೂಗುವ ಹಾಗೆ. ಕೊನೆಗೆ ಅಜ್ಜಿ ಎಂದು ಸೇರಿಸಿ. ನಾಲ್ಕಕ್ಕೂ ನಾಚಿಕೆಯಾಗದೆ ನಿಂತರೆ ಅದು ಹೆಸರು.

ತಮ್ಮನ ಹೆಂಡತಿ ನಯನ ಕೆ.ಆರ್. ನಗರದ ಕಡೆಯ ಹುಡುಗಿ, ಡಿಗ್ರಿ ಓದಿದವಳು. ಓದುವಾಗ ಅವಳ ಕ್ಲಾಸಿನಲ್ಲೇ ನಾಲ್ಕು ಜನ ನಯನ ಇದ್ದರಂತೆ. ಮೊದಲ ಎರಡು ಹೆಣ್ಣುಮಕ್ಕಳಿಗೆ ಅವಳನ್ನು ಯಾರೂ ಕೇಳಲಿಲ್ಲ, ಪುರೋಹಿತರು ಹೇಳಿದ ಅಕ್ಷರಕ್ಕೆ ಮನೆಯವರೇ ಹೆಸರಿಟ್ಟರು. "ಅತ್ತಿಗೆ, ಈ ಒಂದು ಮಗುಗಾದ್ರೂ ಯಾರಿಗೂ ಇಲ್ಲದ ಹೆಸರು ನಾನೇ ಇಡಬೇಕು" ಎಂದು ಫೋನ್ ಮಾಡಿದಳು. ಅಲ್ಲಿಂದ ಶುರುವಾಯಿತು. ದಿನಕ್ಕೊಂದು ಹೆಸರು. ಒಂದು ಸಂಜೆ, "ಮಿಶಿಕಾ ಹೆಂಗದೆ ಅತ್ತಿಗೆ?" ಅಂದಳು. ನಾನು ಫೋನ್ ಹಿಡಿದೇ ಹೊರಗೆ ಬಂದು "ಮಿಶಿಕಜ್ಜೀ, ಎಲಡಿಕೆ ತಗೊಳ್ಳೀ" ಎಂದು ಕೂಗಿದೆ. ಎದುರುಮನೆ ಪುಟ್ಟಮ್ಮ ಇಣುಕಿ, "ಯಾರವ್ವ ಅದು, ನೆಂಟ್ರು ಬಂದವ್ರಾ?" ಎಂದು ಕೇಳಿದಳು. ಫೋನಿನ ಆ ಕಡೆ ನಯನ ಬಿದ್ದು ಬಿದ್ದು ನಕ್ಕಳು.

ಹೀಗೆ ಹತ್ತಾರು ಹೆಸರು ಹೋದ ಮೇಲೆ ಅವಳೇ ಒಂದು ದಿನ ಮೇದಿನಿ ಅಂದಳು. ಭೂಮಿ ಎಂದು ಅರ್ಥವಂತೆ. ಕೂಗಿ ನೋಡಿದೆ. ಮೇದಿನೀ, ಊಟಕ್ಕೆ ಬಾ. ಮೇದಿನಕ್ಕ. ಮೇದಿನಿ ಯಾರ್ರೀ, ಮುಂದೆ ಬನ್ನಿ. ಮೇದಿನಜ್ಜಿ. ಒಂದರಲ್ಲೂ ಅಳುಕಲಿಲ್ಲ. ಗದ್ದೆ ಬದುವಿಗೂ ಹೊಂದಿತು, ಆಫೀಸಿನ ಕುರ್ಚಿಗೂ ಹೊಂದಿತು. ನಮ್ಮ ಕಡೆ ಯಾರಿಗೂ ಆ ಹೆಸರಿದ್ದದ್ದು ನಾನು ಕೇಳಿರಲಿಲ್ಲ. "ಇದೇ ಆಗ್ಲಿ ಕಣೆ" ಅಂದೆ. ತಮ್ಮನೂ ಒಪ್ಪಿದ.

ಭಾನುವಾರ ಬೆಳಿಗ್ಗೆ ಬಸ್ಸು ಹಿಡಿದು, ಹುಣಸೂರಿನಲ್ಲಿ ಇಳಿದು ಇನ್ನೊಂದು ಬಸ್ಸು ಹತ್ತಿ ತವರಿಗೆ ಹೋದೆ. ಕೈಕಾಲು ತೊಳೆದು ಅಡುಗೆಮನೆಗೆ ಹೋದರೆ ಅವ್ವ ಪಾಯಸ ತಿರುವುತ್ತಾ ನಿಂತಿತ್ತು. ನನ್ನನ್ನು ಹತ್ತಿರ ಕರೆದು ಪಿಸುಮಾತಿನಲ್ಲಿ, "ಲೇ, ಮೊಗೀನ ಕಿವೀಲಿ ಸಾಕಮ್ಮ ಅಂತ ಕರ್ದ್‌ಬುಡು" ಅಂದಿತು.

ನಾನು ಅವ್ವನ ಮುಖವನ್ನೇ ನೋಡಿದೆ.

"ಅಂಗ್ಯಾಕ್ ನೋಡೀಯೆ? ನಿಂಗೆ ಆ ಎಸ್ರು ಮಡಗಿದ್ ಮ್ಯಾಲೆ ತಾನೆ ನಿನ್ ತಮ್ಮ ಉಟ್ಟಿದ್ದು? ಮೂರೂ ಎಣ್ಣಾಗೋದೊ. ಅವನ ಕೈಗೊಂದ್ ಆಸರೆ ಬ್ಯಾಡ್ವಾ? ನೀನು ಕರುದ್ರೆ ಇನ್ನೂ ಒಳ್ಳೇದು ಕಣವ್ವ, ನಿನ್ ಬಾಯಿ ಫಲ ಕೊಟ್ಟದೆ."

ಅವ್ವನ ಮುಖದಲ್ಲಿ ಕೆಟ್ಟತನ ಏನೂ ಇರಲಿಲ್ಲ. ದೇವರಿಗೆ ಮುಡಿಪು ಕಟ್ಟುವಾಗ ಇರುವಂಥ ನಂಬಿಕೆ ಇತ್ತು.

ಹೊರಗೆ ಬಂದು ಶಾಮಿಯಾನ ಕಟ್ಟಿಸುತ್ತಿದ್ದ ತಮ್ಮನನ್ನು ಪಕ್ಕಕ್ಕೆ ಕರೆದೆ. ಅವನಿಗೆ ವಿಷಯ ಗೊತ್ತಿತ್ತು. ತಲೆ ಕೆರೆದುಕೊಂಡು, "ಅವ್ವಂಗೆ ಯಾಕೆ ನೋವ್ ಮಾಡ್ತೀಯಕ್ಕ? ಕಿವೀಲಿ ಅದ್ನೇ ಕರಿ, ಸರ್ಟಿಫಿಕೇಟಲ್ಲಿ ಮೇದಿನಿ ಅಂತ ಬರ್ಸುದ್ರಾಯ್ತು. ಯಾರ್ಗ್ ಗೊತ್ತಾಯ್ತದೆ?" ಅಂದ.

"ನಂಗ್ ಗೊತ್ತಾಯ್ತದಲ್ಲೋ!"

"ಆ ಎಸ್ರಿಂದ ನಿಂಗೇನ್ ಕಮ್ಮಿಯಾಯ್ತು ಯೋಳು. ಚೆನ್ನಾಗೇ ಇದೀಯಲ್ಲ."

ಅವನ ಕಪಾಳಕ್ಕೆ ಬಾರಿಸಬೇಕು ಅನ್ನಿಸಿತು. ನೆಂಟರು ಬರುತ್ತಿದ್ದರು, ಬಿಟ್ಟು ನಡೆದೆ. ಒಳಗೆ ಕೋಣೆಯಲ್ಲಿ ನಯನ ಮಗುವಿಗೆ ಹೊಸ ಬಟ್ಟೆ ತೊಡಿಸುತ್ತಿದ್ದಳು. ಅವಳ ಕಿವಿಗೂ ಸುದ್ದಿ ಬಿದ್ದಿತ್ತು ಎಂದು ಕಾಣುತ್ತದೆ. ನನ್ನ ಮುಖ ನೋಡಿ, "ಅತ್ತಿಗೆ, ನಿಮ್ಮ ಮನಸ್ಸಿಗೆ ಬಂದಂಗೆ ಮಾಡಿ" ಅಂದಳು. ನೀವೇ ದಿಕ್ಕು ಎಂದು ಕಾಲಿಗೆ ಬಿದ್ದಿದ್ದರೂ ನನಗೆ ಅಷ್ಟು ಕಷ್ಟವಾಗುತ್ತಿರಲಿಲ್ಲ.

ಹನ್ನೊಂದು ಗಂಟೆಗೆ ಮಗುವನ್ನು ತೊಟ್ಟಿಲಿಗೆ ಹಾಕಿದರು. ಸುತ್ತ ಮೂವತ್ತು ನಲವತ್ತು ಹೆಂಗಸರು. ವೀಳ್ಯದೆಲೆಯನ್ನು ಮಗುವಿನ ಕಿವಿಗೆ ಅಡ್ಡ ಹಿಡಿದು ಮೂರು ಸಲ ಮೆಲ್ಲಗೆ ಹೆಸರು ಕರೆಯಬೇಕು, ಆಮೇಲೆ ಎದ್ದು ಎಲ್ಲರಿಗೂ ಹೇಳಬೇಕು. ಅವ್ವ ತೊಟ್ಟಿಲಿಗೆ ಅಂಟಿಕೊಂಡೇ ಕೂತಿತ್ತು. ನಾನು ಬಗ್ಗಿದೆ. ಮಗು ಕಣ್ಣು ಬಿಟ್ಟುಕೊಂಡು ನನ್ನ ಮೂಗುಬೊಟ್ಟನ್ನೇ ನೋಡುತ್ತಿತ್ತು. ಬಾಯಿಯವರೆಗೆ ನನ್ನದೇ ಹೆಸರು ಬಂದಿತ್ತು, ಸುಳ್ಳು ಯಾಕೆ ಹೇಳಲಿ. ಇಪ್ಪತ್ತು ವರ್ಷ ಎಷ್ಟೋ ಹೆಸರು ಕೂಗಿ ನೋಡಿ ಬೇಡವೆಂದಿದ್ದೆ, ಆಗೆಲ್ಲ ಆಗದ ಅಂಜಿಕೆ ಅವ್ವನ ಉಸಿರು ಕೆನ್ನೆಗೆ ತಾಗಿದಾಗ ಆಯಿತು. ಕರೆದುಬಿಟ್ಟರೆ ಎಲ್ಲರೂ ನೆಮ್ಮದಿಯಾಗಿ ಊಟಕ್ಕೆ ಕೂರುತ್ತಾರೆ. ಈ ಕೂಸು ಮಾತ್ರ ಮುಂದೊಂದು ದಿನ ಯಾರಿಂದಲೋ ಕೇಳಿ ತಿಳಿಯುತ್ತದೆ, ತನ್ನ ಕಿವಿಗೆ ಮೊದಲು ಬಿದ್ದದ್ದು ಏನು ಎಂದು.

ಎಲೆಯನ್ನು ಪಕ್ಕಕ್ಕಿಟ್ಟೆ. ನೆಟ್ಟಗೆ ನಿಂತು, ಅಂಗನವಾಡಿಯಲ್ಲಿ ಹಾಜರಿ ಕೂಗುವ ದನಿಯಲ್ಲೇ ಕೂಗಿದೆ. "ಮೇದಿನೀ! ಮೇದಿನೀ! ಮೇದಿನೀ!"

ಮಗು ಬೆಚ್ಚಿಬಿದ್ದು ಕಿಟಾರನೆ ಅತ್ತಿತು. ಹೆಂಗಸರೆಲ್ಲ ನಕ್ಕರು. ಯಾರೋ, "ಏನವ್ವ ಸಾಕಮ್ಮ, ಮೊಗೀಗೆ ಕಿವಿ ಕೇಳಾಕಿಲ್ವಾ?" ಅಂದರು. ತಮ್ಮ ತಲೆಯೆತ್ತಿ ತೊಲೆ ನೋಡುತ್ತಾ ನಿಂತ. ನಯನ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಅವ್ವ ಎದ್ದು, ಹೆಂಗಸರ ನಡುವೆ ದಾರಿ ಮಾಡಿಕೊಂಡು ಹಿತ್ತಿಲ ಬಾಗಿಲಿನಿಂದ ಹೊರಟುಹೋಯಿತು.

ಊಟದ ಪಂಕ್ತಿ ಎದ್ದ ಮೇಲೆ ನಾನೇ ಹುಡುಕಿಕೊಂಡು ಹೋದೆ. ಅವ್ವ ಹಿತ್ತಿಲಲ್ಲಿ ಒಗೆಯುವ ಕಲ್ಲಿನ ಮೇಲೆ ಕೂತಿತ್ತು. ಬೈಸಿಕೊಳ್ಳಲು ತಯಾರಾಗಿಯೇ ಹೋಗಿದ್ದೆ, ತಿರುಗಿ ಹೇಳಬೇಕಾದದ್ದನ್ನೆಲ್ಲ ಪಟ್ಟಿ ಮಾಡಿಕೊಂಡಿದ್ದೆ. ಮೇಷ್ಟ್ರ ಮಾತು, ಲಗ್ನಪತ್ರಿಕೆ, ಎಲ್ಲ. ನಾನು ಬಾಯಿ ತೆಗೆಯುವ ಮೊದಲೇ ಅವ್ವ ಕೇಳಿತು. "ಆ ಎಸ್ರು ಅಷ್ಟೊಂದ್ ಸಂಕಟ ಆಗಿತ್ತಾ ನಿಂಗೆ?"

"ಆಗಿತ್ತವ್ವ" ಅಂದೆ. ಪಟ್ಟಿಯೆಲ್ಲ ಮರೆತುಹೋಯಿತು.

ಅವ್ವ ಕಲ್ಲಿನ ಮೇಲೆ ಸರಿದು ನನಗೂ ಕೂರಲು ಜಾಗ ಮಾಡಿತು. ಆಮೇಲೆ, "ನಿಂಗೆ ನಾನೊಂದ್ ಎಸ್ರು ಮಡಗ್ಬೇಕು ಅಂತಿದ್ದೆ ಕಣವ್ವ. ನೀನು ವಟ್ಟೇಲಿರುವಾಗ ಸೊಪ್ಪು ಕಟ್ತಾ ಕಟ್ತಾ ಮನಸ್ನಲ್ಲೇ ಆ ಎಸ್ರಿಡ್ದು ನಿನ್ನ ಮಾತಾಡುಸ್ತಿದ್ದೆ. ಗಂಡೋ ಎಣ್ಣೋ, ಅದ್ಯಾಕೋ ಎಣ್ಣು ಅಂತ್ಲೇ ಅನ್ಸೋದು. ನಿಮ್ಮಜ್ಜಿ ನಿನ್ ಕಿವೀಲಿ ಸಾಕಮ್ಮ ಅಂತ ಕರ್ಸ್ದಾಗ ಅಲ್ಲೇ ಕುಂತಿದ್ದೆ. ಬಾಯ್ ಬುಡ್ನಿಲ್ಲ" ಅಂದಿತು.

"ಏನವ್ವ ಆ ಹೆಸರು?"

ಅವ್ವ ಬಾಯಿ ತೆಗೆಯಿತು. ಮುಚ್ಚಿತು. ಕಣ್ಣು ಕಿರಿದು ಮಾಡಿ ಕೊಟ್ಟಿಗೆಯ ಕಡೆ ನೋಡಿತು. ಆಮೇಲೆ ನನ್ನ ಕೈ ಹಿಡಿದುಕೊಂಡು, "ಮರ್ತೋಗದಲ್ಲವ್ವ! ಒಂದ್ಸಲಾನೂ ಬಾಯ್ ಬುಟ್ಟು ಅನ್ನಲೇ ಇಲ್ವಲ್ಲ, ಅದ್ಕೇ ಮರ್ತೋಗದೆ" ಎಂದು ಅತ್ತಿತು.

ನಾನೂ ಅತ್ತೆ. ಯಾರಿಗೂ ಬೇಡದೆ ಹುಟ್ಟಿದವಳು ನಾನು ಎಂದುಕೊಂಡೇ ನಲವತ್ತೆರಡು ವರ್ಷ ಕಳೆದಿದ್ದೆ. ಯಾರ ಹತ್ತಿರವೂ ಹೇಳಿಕೊಂಡಿರಲಿಲ್ಲ. ನಾನು ಭೂಮಿಗೆ ಬೀಳುವ ಮೊದಲೇ ಒಬ್ಬಳು ಹೊಗೆಸೊಪ್ಪು ಕಟ್ಟುತ್ತಾ ಹೆಸರಿಟ್ಟು ನನ್ನನ್ನು ಕರೆಯುತ್ತಿದ್ದಳಂತೆ. ಹೆಸರು ಹೋದರೆ ಹೋಯಿತು, ಕರೆದದ್ದಂತೂ ನಿಜ ತಾನೆ? ಅಷ್ಟು ಸಾಕಾಗಿತ್ತು ನನಗೆ, ಅದು ಮೊದಲೇ ಗೊತ್ತಾಗಿದ್ದರೆ ಎಂದು ದುಃಖವೂ ಆಯಿತು.

ಸರ್ಟಿಫಿಕೇಟಿನಲ್ಲಿ ಮೇದಿನಿ ಎಂದೇ ಆಗಿದೆ. ಅವ್ವ ಮೊದಮೊದಲು ಕೂಸು, ಕೂಸು ಎನ್ನುತ್ತಿತ್ತು. ಈಗ ಬಾಯ್ತುಂಬ ಹೆಸರು ಹಿಡಿದೇ ಕರೆಯುತ್ತದೆ. ನಯನಳಿಗೆ ಇನ್ನೊಂದು ಹೆರುವ ಮನಸ್ಸಿಲ್ಲ, ಆ ಮಾತನ್ನು ಮನೆಯಲ್ಲಿ ಯಾರೂ ಎತ್ತುವುದೂ ಇಲ್ಲ.

ಮೊನ್ನೆ ಅಂಗನವಾಡಿಯಲ್ಲಿ ಮಕ್ಕಳಿಗೆ ಊಟ ಬಡಿಸುತ್ತಿದ್ದಾಗ ಅವ್ವನ ಫೋನು. ಏನಾಯಿತೋ ಎಂದು ಗಾಬರಿಯಲ್ಲಿ ಎತ್ತಿದೆ. "ಲೇ, ಜಯಶೀಲ ಇರ್ಬೋದಾ?" ಅಂದಿತು. ನಾನು ಉತ್ತರ ಕೊಡುವ ಮೊದಲೇ, "ಊಹೂಂ, ಅದಲ್ಲ, ಅದು ಇನ್ನೂ ಚೆಂದಾಗಿತ್ತು" ಎಂದು ಇಟ್ಟುಬಿಟ್ಟಿತು. ವಾರಕ್ಕೊಂದು ಸಲ ಹೀಗೆ ಫೋನ್ ಬರುತ್ತದೆ. ಎಪ್ಪತ್ತು ದಾಟಿದ ಮುದುಕಿ ನನಗಾಗಿ ಇನ್ನೂ ಹೆಸರು ಹುಡುಕುತ್ತಿದೆ. ಸಿಗದಿದ್ದರೂ ಚಿಂತೆಯಿಲ್ಲ, ಫೋನ್ ಮಾತ್ರ ನಿಲ್ಲದಿರಲಿ ಎಂದು ಬೇಡಿಕೊಳ್ಳುತ್ತೇನೆ.