ಕಿಟಕಿ ಪಕ್ಕದ ಬಂಧನ

ನಮ್ಮ ಬೀದಿಯ ಧಿಕ್ಕಾರದ ಯಜಮಾನರು ಧರಣಿಗೆ ಹೊರಟರೆಂದರೆ ಹೆಂಡತಿ ಕೇಳುವುದು ಒಂದೇ ಮಾತು: "ಅರೆಸ್ಟು ಊಟಕ್ಕೆ ಮುಂಚೆನೋ, ಆಮೇಲೋ?" ಮುಂಚೆ ಎಂದರೆ ಡಬ್ಬಿ ಕಟ್ಟಬೇಕು. ಧರಣಿ ಯಾತಕ್ಕೆಂದು ಮಾತ್ರ ಅವರನ್ನು ಕೇಳಬಾರದು. ಗಂಟಲು ಹರಿಯುವಂತೆ ಧಿಕ್ಕಾರ ಕೂಗಿ, ಯಾರಿಗೆಂದು ಆಮೇಲೆ ಪಕ್ಕದವರನ್ನು ವಿಚಾರಿಸುವ ಪೈಕಿ ಅವರು. ಪೊಲೀಸ್ ಬಸ್ಸು ಬಂದದ್ದೇ ತಡ, ಯಾರೂ ಎಳೆಯುವ ಮೊದಲೇ ಹತ್ತಿ ಕಿಟಕಿ ಪಕ್ಕ ಟವೆಲ್ ಹಾಸಿಬಿಡುತ್ತಾರೆ. ಪೇದೆ ಅವರ ಹೆಸರು, ತಂದೆಯ ಹೆಸರು, ವಯಸ್ಸು ಎಲ್ಲ ಕೇಳಿ ಬರೆದುಕೊಳ್ಳುತ್ತಾನೆ. ನಿವೃತ್ತಿಯಾದ ಮೇಲೆ ಅವರನ್ನು ಇಷ್ಟೆಲ್ಲ ಕೇಳಿದವರು ಬೇರೆ ಯಾರೂ ಇಲ್ಲ. ಸಂಜೆ ಬಿಡುಗಡೆ, ಅದೂ ಮನೆಯ ತಿರುವಿನಲ್ಲೇ. ಮೊನ್ನೆ ಮಾತ್ರ ಬೆಳಿಗ್ಗೆ ಹತ್ತಕ್ಕೇ ಸರ್ಕಾರ ಬೇಡಿಕೆಗೆ ಒಪ್ಪಿಬಿಟ್ಟಿತು. ಎಲ್ಲರೂ ಅಪ್ಪಿಕೊಂಡು ಕುಣಿಯುತ್ತಿದ್ದರೆ, ಯಜಮಾನರು ಡಬ್ಬಿ ಹಿಡಿದುಕೊಂಡು ಪೇದೆಯ ಬಳಿ ಹೋಗಿ, ತಗ್ಗಿದ ದನಿಯಲ್ಲಿ ಕೇಳಿದರು: "ಹಾಗಾದ್ರೆ ಇವತ್ತು ನನ್ನ ಹೆಸರು ಬರ್ಕೊಳ್ಳಲ್ವಾ?"