ಓದಿನ ಕೋಣೆಯ ಟೀಚರ್

ಮಗುವಿಗೆ ಡಿಸ್ಲೆಕ್ಸಿಯಾ ಇದೆಯೇ ಎಂದು ಪರೀಕ್ಷಿಸುವ ಮೊದಲು ಓದಿನ ಕೋಣೆಯ ಟೀಚರ್ ತಂದೆತಾಯಿಯರನ್ನು ಕೂರಿಸಿಕೊಂಡು ಮಾತಾಡುತ್ತಾರೆ. ಅವರಲ್ಲಿ ಯಾರಾದರೂ 'ದಡ್ಡ' ಎಂದುಬಿಟ್ಟರೆ ಪೆನ್ನು ಕೆಳಗಿಟ್ಟು, ಆ ಮಾತು ಎದ್ದು ಹೊರಗೆ ಹೋಗಲಿ ಎಂಬಂತೆ ಬಾಗಿಲನ್ನೇ ನೋಡುತ್ತಾರೆ. "ಬುದ್ಧಿಗೇನೂ ಕಮ್ಮಿಯಿಲ್ಲಮ್ಮ, ಅಕ್ಷರ ಹಿಡಿಯೋ ದಾರಿ ಬೇರೆ, ಅಷ್ಟೆ," ಎಂಬ ಅವರ ಮಾತು ಕಸ ಗುಡಿಸುವ ಆಯಾಗೂ ಬಾಯಿಪಾಠವಾಗಿದೆ. ತಂದೆತಾಯಿ ತುಂಬಬೇಕಾದ ಪ್ರಶ್ನೆಗಳ ಹಾಳೆಯನ್ನು ಮಾತ್ರ ಅವರು ಯಾರ ಕೈಗೂ ಕೊಡುವುದಿಲ್ಲ. ಮೂವತ್ತು ಪ್ರಶ್ನೆಗಳನ್ನೂ ತಾವೇ ಗಟ್ಟಿಯಾಗಿ ಓದಿ, ಉತ್ತರ ಬರೆದುಕೊಳ್ಳುತ್ತಾರೆ. ಒಮ್ಮೆ ಬಡಗಿಯೊಬ್ಬರು ಮಗಳ ಬಗ್ಗೆ ಎಲ್ಲಕ್ಕೂ ಉತ್ತರ ಹೇಳಿ ಮುಗಿಸಿ, ಎದ್ದು ನಿಂತವರು ಮೆಲ್ಲಗೆ ಕೇಳಿದರು: "ಮೇಡಂ, ನನಗೂ ಚಿಕ್ಕಂದಿನಿಂದ ಹೀಗೇ. ದೊಡ್ಡೋರಿಗೂ ಈ ಪರೀಕ್ಷೆ ಮಾಡ್ತಾರಾ?" "ಮಾಡ್ತಾರೆ ಅಣ್ಣಾ," ಎಂದ ಟೀಚರ್, ಮಗಳು ಪರೀಕ್ಷೆಗೆ ಕೂರುವ ಪುಟ್ಟ ಮೇಜಿನ ಪಕ್ಕಕ್ಕೆ ಇನ್ನೊಂದು ಕುರ್ಚಿ ಎಳೆದು ಹಾಕಿದರು.