ಮೊಣಕಾಲಿನ ಕೆಂಪು ಮಣ್ಣು

ದರ್ಜಿಯವರು ಯಾರನ್ನೂ ನಂಬುತ್ತಿರಲಿಲ್ಲ. ತಾವು ನಾಯಕರಾಗಿದ್ದ ಊರಿನ ಕ್ರಿಕೆಟ್ ತಂಡ ಇಷ್ಟು ವರ್ಷ ಉಳಿದದ್ದೇ ಅದರಿಂದ ಎಂಬುದು ಅವರ ವಾದ. ಟಾಸಿನ ನಾಣ್ಯವನ್ನು ಎರಡೂ ಕಡೆ ತಿರುಗಿಸಿ ನೋಡುವರು. ಎದುರಾಳಿಗಳ ಬ್ಯಾಟಿನ ಅಗಲಕ್ಕೆ ಕೊರಳಲ್ಲಿನ ಟೇಪು ಹಿಡಿಯುವರು. ಸ್ವಂತ ಮೈದಾನದಲ್ಲೂ ಪಿಚ್ಚನ್ನು ಯಾರಾದರೂ ಮೋಟು ಮಾಡಿರಬಹುದೆಂದು ಅಳೆದೇ ಸ್ಟಂಪು ನೆಡಿಸುವರು. ಅದೇ ಕೈ ಬಿಚ್ಚಿದ ಚೆಂಡಿಗೆ ಮೇಣದ ದಾರದಲ್ಲಿ ಹೊಲಿಗೆ ಹಾಕುತ್ತಿತ್ತು, ಆಟಗಾರರ ಪ್ಯಾಂಟಿಗೆ ತೇಪೆ ಹಚ್ಚುತ್ತಿತ್ತು, ಭಾನುವಾರ ಬೆಳಿಗ್ಗೆ ಬಾಗಿಲು ಬಾಗಿಲು ತಟ್ಟಿ ಹತ್ತು ಜನರನ್ನು ಹಾಸಿಗೆಯಿಂದ ಎಬ್ಬಿಸುತ್ತಿತ್ತು.

ಅವರೂ ಸೇರಿ ಹನ್ನೊಂದೇ, ಹನ್ನೆರಡನೆಯವನಿಲ್ಲ. ಒಬ್ಬ ಕೈಕೊಟ್ಟರೆ ಪಂದ್ಯ ಕೆಡುತ್ತದೆ. ಪಂದ್ಯವಿಲ್ಲದ ಭಾನುವಾರಗಳು ಒಂದಕ್ಕೊಂದು ಸೇರಿದರೆ ತಂಡವೇ ಕರಗುತ್ತದೆ. ಆದ್ದರಿಂದ ಹೆಂಡತಿಯ ತಮ್ಮ, ತಂಡದ ವಿಕೆಟ್ ಕೀಪರ್ ಆಗಿದ್ದ ಬಡಗಿ, ಮೊಣಕಾಲು ನೋವೆಂದು ಅಭ್ಯಾಸ ತಪ್ಪಿಸತೊಡಗಿದಾಗ ಅವರ ನಿದ್ದೆ ಕೆಟ್ಟಿತು. ತೇಪೆಗೆ ಬಂದ ಅವನ ಪ್ಯಾಂಟಿನ ಮೊಣಕಾಲಿನಲ್ಲಿ ಕೆಂಪು ಮಣ್ಣಿತ್ತು. ಊರಿನ ಮೈದಾನದ್ದು ಕಪ್ಪು ಮಣ್ಣು. ಕೆಂಪು ಇದ್ದದ್ದು ಹೊಳೆಯಾಚೆಯ ತಂಡದ ಮೈದಾನದಲ್ಲಿ.

“ನಿನ್ನ ತಮ್ಮನ ಮೊಣಕಾಲು ಹೊಳೆ ದಾಟಿ ಹೋಗಿ ನೋಯುತ್ತೆ ಕಣೇ.”

“ಅವನು ಬಡಗಿ, ಎಲ್ಲೋ ಮಣ್ಣಲ್ಲಿ ಕೂತಿರ್ತಾನೆ,” ಎಂದಳು ಹೆಂಡತಿ.

“ಬಡಗಿ ಕೂತ್ರೆ ಮರದ ಹೊಟ್ಟು ಅಂಟಬೇಕು.”

ಸಂಜೆ ಪ್ಯಾಂಟಿಗೆ ಬಂದವನನ್ನು, “ಏನಯ್ಯಾ, ಹೊಳೆಯಾಚೆ ಕೆಲಸ ಸಿಕ್ತಾ?” ಎಂದು ಕೇಳಿದರು. ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿಕೊಂಡಂತೆ ಅವನು ಮೊಣಕಾಲು ಮುಟ್ಟಿಕೊಂಡ.

“ನೋವಿನ್ನೂ ಕಮ್ಮಿ ಆಗಿಲ್ಲ ಭಾವ.”

“ನೋವಿನ ಸುದ್ದಿ ನಾನು ಕೇಳಲೇ ಇಲ್ವಲ್ಲ!”

ಆ ಭಾನುವಾರ ಅಭ್ಯಾಸ ಬಿಟ್ಟು ದರ್ಜಿಯವರು ಸೈಕಲ್ ಹತ್ತಿ ಸೇತುವೆ ದಾಟಿದರು. ಮೈದಾನದಲ್ಲಿ ಯಾವನದೋ ಟೋಪಿ ಹಾಕಿಕೊಂಡು ಸ್ಟಂಪಿನ ಹಿಂದೆ ಕುಕ್ಕರಗಾಲಲ್ಲಿ ಕೂತಿದ್ದವನು ಭಾವಮೈದನೇ. ಅವರು ಓವರಿನ ನಡುವೆಯೇ ಒಳನುಗ್ಗಿದರು. ಆ ತಂಡದ ನಾಯಕ, ಬೇಕರಿಯವನು, ಓಡಿ ಬಂದ.

“ನನ್ನ ಕೀಪರ್‌ಗೆ ಏನು ತಿನ್ನಿಸಿ ಎಳ್ಕೊಂಡೆ? ಬನ್ನಾ?”

“ಬನ್ನೂ ಇಲ್ಲ, ಬ್ರೆಡ್ಡೂ ಇಲ್ಲ ಅಣ್ಣಾ. ಇಬ್ಬರು ಊರು ಬಿಟ್ಟ ಮೇಲೆ ನಾವು ಒಂಬತ್ತೇ ಜನ. ಇವನು ಬಂದ್ರೆ ಹತ್ತು. ಎದುರಿನವರು ಹೇಗೋ ಒಪ್ಕೋತಾರೆ.”

“ಇವರ ತಂಡ ಮುಚ್ಚಿದ್ರೆ ನಾವು ಯಾರ ಮೇಲೆ ಆಡೋದು ಭಾವ, ಕನ್ನಡಿ ಮೇಲಾ?” ಎಂದ ಭಾವಮೈದ. “ಮೊದಲೇ ಹೇಳಿದ್ರೆ ನೀವು ನಂಬ್ತಿದ್ರಾ?”

ದರ್ಜಿಯವರು ಮೈದಾನದಲ್ಲಿದ್ದವರನ್ನು ಎಣಿಸಿದರು. ಎದುರಾಳಿಗಳನ್ನು ಅವರು ಈವರೆಗೆ ಎಣಿಸಿದ್ದು ಹನ್ನೆರಡನೆಯವನನ್ನು ತೂರಿಸಿದ್ದಾರೆಯೇ ಎಂದು ನೋಡಲು ಮಾತ್ರ.

“ಮುಂದಿನ ವಾರ ನಮ್ಮ ಮೇಲೆ ಆಡೋವಾಗ ಇವರ ಕಡೆಗೆ ನಾನೇ ಬರ್ತೀನಿ,” ಎಂದರು ಕೊನೆಗೆ. “ಹತ್ತಕ್ಕೆ ಹತ್ತು. ಯಾರು ಯಾರನ್ನ ಎಳೀತಾರೆ ಅಂತ ಒಳಗಿದ್ದೇ ನೋಡ್ತೀನಿ.”

ಆ ಪಂದ್ಯದ ದಿನ ಬೇಕರಿಯವನು ದರ್ಜಿಯವರನ್ನು ಬೌಂಡರಿ ಗೆರೆಯ ಬಳಿ ನಿಲ್ಲಿಸಿದ. ಗುಟ್ಟು ಕೇಳಿಸದಿರಲೆಂದೇ ಅಷ್ಟು ದೂರ ಅಟ್ಟಿದ್ದಾನೆ ಎಂದುಕೊಂಡರು. ಅತ್ತ ಅವರದೇ ತಂಡದವರು ಅವರು ಕಲಿಸಿದ್ದ ಕೈಸನ್ನೆಗಳನ್ನೆಲ್ಲ ಬದಲಿಸಿಕೊಂಡಿದ್ದರು. ನಾಯಕನಿಗೇ ಅರ್ಥವಾಗಬಾರದಲ್ಲ!

ಊರಿನ ತಂಡದ ಗೆಲುವಿಗೆ ಇನ್ನೆರಡು ಓಟವಿದ್ದಾಗ ಭಾವಮೈದ ಎತ್ತಿ ಹೊಡೆದ. ಚೆಂಡು ನೇರ ದರ್ಜಿಯವರತ್ತ ಬಂತು. ಬೇಕರಿಯವನು ಚೆಂಡನ್ನು ಬಿಟ್ಟು ಅವರ ಮುಖವನ್ನೇ ನೋಡುತ್ತಿದ್ದ; ಅವರ ತಂಡದವರೂ ಅಷ್ಟೆ. ದರ್ಜಿಯವರು ಓಡಿ, ಎರಡೂ ಕೈಗಳಲ್ಲಿ ಹಿಡಿದು ಎದೆಗೆ ಒತ್ತಿಕೊಂಡರು. ಕೊನೆಯ ವಿಕೆಟ್ಟು ಅದು; ಅವರದೇ ಊರು ಸೋತಿತು.

“ಯಾರ ಕಡೆ ಭಾವ ನೀವು?” ಎಂದ ಭಾವಮೈದ.

ಅವರು ಚೆಂಡಿನ ಹೊಲಿಗೆಯನ್ನು ಉಗುರಿನಿಂದ ಮೀಟಿ ನೋಡುತ್ತ, “ನೀನು ಓಡೋವಾಗ ಮೊಣಕಾಲು ನೋಡ್ತಿದ್ದೆ. ಚೆನ್ನಾಗೇ ಇದೆ,” ಎಂದರು.

ಮುಂದಿನ ಭಾನುವಾರ ಬೆಳಿಗ್ಗೆ ತಮ್ಮೂರಿನ ಬಾಗಿಲುಗಳನ್ನು ತಟ್ಟಿದ ಮೇಲೆ ದರ್ಜಿಯವರು ಸೈಕಲ್ ಹತ್ತಿ ಹೊಳೆಯಾಚೆಯ ಒಂಬತ್ತು ಬಾಗಿಲುಗಳನ್ನೂ ತಟ್ಟಿದರು. ಬೇಕರಿಯವನು ಎಬ್ಬಿಸುತ್ತಾನೆಂಬ ನಂಬಿಕೆ ಅವರಿಗಿರಲಿಲ್ಲ.